ಅವ್ವ ದನಿ ತೆಗೆಯದ ದಿನಗಳು

ಗಜೇಂದ್ರಗಡದ ಬಜಾರದ ತುದಿಯಲ್ಲಿ ಒಬ್ಬ ನಾಲಬಂದ ಕೂಡುತ್ತಿದ್ದ. ಸುತ್ತಿನ ಕುದುರೆ, ತಟ್ಟುಗಳಿಗೆಲ್ಲ ಲಾಳ ಕಟ್ಟುವವನು ಅವನೇ. ನನ್ನ ತಮ್ಮ ಹತ್ತಿ ನೋಡಲಿಕ್ಕೆ ಆ ಕಡೆ ಹೋದಾಗಲೆಲ್ಲ ತನ್ನ ತಟ್ಟುವನ್ನು ಅವನ ಮುಂದೆ ನಿಲ್ಲಿಸಿ, ತಾನೂ ಪಕ್ಕದಲ್ಲಿ ಕೂತು ಹರಟೆ ಹೊಡೆಯುತ್ತಿದ್ದ. ಸಾವಕಾರ ಮನೆಯವನು ಚಪ್ಪಲಿ ಕಳೆದಿಟ್ಟು ಲದ್ದಿಯ ನಡುವೆ ಕೂಡುವುದೇನು ಚಂದ ಎಂದು ನಾನು ಬೈದರೆ, "ಅಣ್ಣಾ, ಊರೂರ ಸುದ್ದಿ ಎಲ್ಲಾ ಅಲ್ಲೇ ಸಿಗತೈತಿ. ನಿನ್ನ ಅಂಗಡ್ಯಾಗ ಏನ ಸಿಗತೈತಿ?" ಎನ್ನುತ್ತಿದ್ದ. ಹಾಗೆ ಹರಟೆ ಹೊಡೆದು ಎದ್ದಾಗ ಒಂದು ಸಲ ಅವನ ಹಿಮ್ಮಡಿಗೆ ಹಳೆಯ ಲಾಳದ ಮೊಳೆ ನಟ್ಟಿತು.

ಕುಂಪಣಿ ಸರಕಾರದ ಕಾಲ ಅದು. ನರಗುಂದದ ಗುಡ್ಡದ ಮೇಲೆ ಇನ್ನೂ ಅರಸರಿದ್ದರು. ನಮ್ಮದು ರೋಣದ ಹತ್ತಿ ವ್ಯಾಪಾರದ ಮನೆತನ. ಅಪ್ಪ ತೀರಿಕೊಂಡಿದ್ದ, ಹಿರಿಯ ಮಗನಾದ ನಾನು ಅಂಗಡಿಯಲ್ಲಿ ಕೂಡುತ್ತಿದ್ದೆ, ತಮ್ಮ ಹಳ್ಳಿ ತಿರುಗುತ್ತಿದ್ದ. ಅವನ ಹೆಂಡತಿ ನರಗುಂದದವಳು, ಚೊಚ್ಚಲ ಬಸುರಿ, ಹೆರಿಗೆಗೆಂದು ತವರಿಗೆ ಹೋಗಿದ್ದಳು. ಹುಟ್ಟುವುದು ಗಂಡೋ ಹೆಣ್ಣೋ ಎಂದು ಅವನು ಆ ನಾಲಬಂದನ ಜೊತೆಗೂ ಪಂದ್ಯ ಕಟ್ಟಿದ್ದನಂತೆ. ಅಂಥ ಹಗುರ ಮನುಷ್ಯ.

ನಾಲಬಂದ ಮೊಳೆ ಕಿತ್ತು, ತಟ್ಟು ಆಗತಾನೆ ಹಾಕಿದ ಬಿಸಿ ಲದ್ದಿಯನ್ನು ಗಾಯಕ್ಕೆ ಒತ್ತಿ, ಅರಿವೆ ಸುತ್ತಿ ಕಟ್ಟಿದ. "ಏನೂ ಆಗೂದಿಲ್ರಿ ಸಾವಕಾರ್ರ. ಲದ್ದಿ ನಂಜೆಲ್ಲಾ ಜಗ್ಗತೈತ್ರಿ" ಎಂದನಂತೆ. ಅವನು ಮೋಸಗಾರನಲ್ಲ. ತನ್ನ ಕಾಲಿಗೆ ಗಾಯವಾಗಿದ್ದರೂ ಅದನ್ನೇ ಕಟ್ಟಿಕೊಳ್ಳುತ್ತಿದ್ದ. ನಮ್ಮ ಕಡೆ ಕುಡುಗೋಲು ತಾಗಿದರೂ, ಜಾಲಿಮುಳ್ಳು ಮುರಿದರೂ ಕಟ್ಟುವುದು ಸಗಣಿ, ಇಲ್ಲವೆ ಲದ್ದಿ. ತಮ್ಮ ಮನೆಗೆ ಬಂದ ಮೇಲೆ ಅವ್ವ ಅದೇ ಕ್ರಮ ಮುಂದುವರಿಸಿದಳು. ಕೊಟ್ಟಿಗೆಯಿಂದ ಲದ್ದಿ ತಂದು, ಅರಿಷಿಣ ಕಲಸಿ, ಬಾಣಲೆಯಲ್ಲಿ ಬೆಚ್ಚಗೆ ಮಾಡಿ, ದಿನಾ ತನ್ನ ಕೈಯಿಂದಲೇ ಕಟ್ಟಿದಳು. ನನ್ನ ಹೆಂಡತಿಯ ಕೈಗೂ ಆ ಕೆಲಸ ಕೊಡಲಿಲ್ಲ. ಗಾಯ ಮೇಲೆ ಮುಚ್ಚಿಕೊಂಡಿತು, ಅವನು ಮತ್ತೆ ಓಡಾಡತೊಡಗಿದ.

ಈಗ ನಮ್ಮ ಮನೆತನದ ಒಬ್ಬಾತ ಮುಂಬಯಿಯಲ್ಲಿ ವೈದ್ಯವಿದ್ಯೆ ಓದುತ್ತಿದ್ದಾನೆ. ರಜೆಗೆ ಬಂದಾಗ ಅವನು ಹೇಳಿದ: ತಮ್ಮನಿಗೆ ಆಮೇಲೆ ಬಂದ ರೋಗದ ಬೀಜ ಕಣ್ಣಿಗೆ ಕಾಣದ ಒಂದು ಜೀವವಂತೆ, ಮಣ್ಣಿನಲ್ಲಿ ಇರುತ್ತದಂತೆ, ಕುದುರೆಯ ಲದ್ದಿಯಲ್ಲಂತೂ ತುಂಬಿರುತ್ತದಂತೆ, ಗಾಳಿ ಆಡದ ಆಳದ ಗಾಯ ಸಿಕ್ಕರೆ ಅಲ್ಲಿ ಕೂತು ವಿಷ ಬಿಡುತ್ತದಂತೆ. ಕೇಳಿ ನಾನು ಎದ್ದು ಹಿತ್ತಲಿಗೆ ಹೋದೆ. ಅವ್ವ ಇದನ್ನು ಕೇಳುವ ಮೊದಲೇ ಕಣ್ಣು ಮುಚ್ಚಿದ್ದಳು. ದೇವರು ನಮ್ಮ ಮನೆಗೆ ಮಾಡಿದ ಉಪಕಾರ ಅದೊಂದೇ ಎಂದು ನನಗೆ ಅನಿಸಿತು.

ರೋಗ ಬಂದದ್ದು ಊಟದ ಹೊತ್ತಿನಲ್ಲಿ. ತಮ್ಮ ರೊಟ್ಟಿ ಮುರಿದು ಬಾಯಿಗೆ ಇಟ್ಟವನು ಅಗಿಯಲಾರದೆ ದವಡೆ ಹಿಡಿದುಕೊಂಡ. ನನ್ನ ಹೆಂಡತಿ ಬಡಿಸುತ್ತಿದ್ದಳು. "ವೈನಿ, ರೊಟ್ಟಿ ಬಡದೀರೋ ಹಾಸಗಲ್ಲ ಬಡದೀರೋ? ದವಡಿನ ಏಳವಲ್ಲದು" ಎಂದ. "ಹೆಂಡ್ತಿ ತವರಿಗೆ ಹೋದಾಗಿಂದ ನಿಮಗ ನಮ್ಮ ರೊಟ್ಟಿ ಸೇರವಲ್ವು" ಎಂದು ಅವಳೂ ಬಿಡಲಿಲ್ಲ. ಎಲ್ಲರೂ ನಕ್ಕೆವು. ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿಕೊಂಡು ತಿಂದು ಎದ್ದ.

ಮರುದಿನ ಬೆಳಿಗ್ಗೆ ಕತ್ತು ಹೊರಳಲಿಲ್ಲ. ಹಲ್ಲು ಕಚ್ಚಿಕೊಂಡೇ ಇದ್ದವು, ತುಟಿ ಎರಡೂ ಕಡೆ ಎಳೆದು ನಗುವಂತೆ ಕಾಣುತ್ತಿತ್ತು. ಅವ್ವ ಅದನ್ನು ನೋಡಿ ಸಿಟ್ಟಾದಳು. "ಯಾಕ ನಗತೀಯೋ? ಮಂದಿ ಜೀವಾ ಹೋಗೂವಂಗ ಆಗೇತಿ, ಇವಗ ನಗಿ" ಎಂದಳು. ಅವನ ಕಣ್ಣಿನಿಂದ ನೀರು ಇಳಿಯಿತು. ಮುಖ ಮಾತ್ರ ನಗುತ್ತಲೇ ಇತ್ತು. ಆ ನಗು ಕಂಡ ಮೇಲೆ ನಾನು ಯಾರ ನಗುವನ್ನೂ ಪೂರಾ ನಂಬಿಲ್ಲ.

ಹೊಳೆಮಣ್ಣೂರಿನಿಂದ ಬರೆ ಹಾಕುವವನನ್ನು ಕರೆಸಿದೆವು. ಅವನು ಕುಡುಗೋಲಿನ ತುದಿ ಕೆಂಪಗೆ ಕಾಸಿ ಕತ್ತಿನ ಹಿಂದೆ ಮುಟ್ಟಿಸಿದ್ದೇ ತಡ, ತಮ್ಮನ ಮೈ ಹಾಸಿಗೆಯಿಂದ ಎದ್ದಿತು. ತಲೆ ಮತ್ತು ಹಿಮ್ಮಡಿ ಮಾತ್ರ ನೆಲಕ್ಕೆ ತಾಗಿದ್ದವು, ನಡು ಬಿಲ್ಲಿನ ಹಾಗೆ ಮೇಲಕ್ಕೆ ಬಾಗಿತ್ತು. ಧನುರ್ವಾಯು ಎಂಬ ಹೆಸರು ಕೇಳಿದ್ದೆ, ಅದು ಇಷ್ಟು ಸರಿಯಾಗಿ ಇಟ್ಟ ಹೆಸರು ಎಂದು ಗೊತ್ತಿರಲಿಲ್ಲ. ಆ ಮುದುಕ ಕುಡುಗೋಲನ್ನು ನೀರಿಗೆ ಹಾಕಿ, "ಇದು ನನ್ನ ಕೈಯಾಗಿನ ಬ್ಯಾನಿ ಅಲ್ರಿ ಯಪ್ಪಾ" ಎಂದು ಏನೂ ತೆಗೆದುಕೊಳ್ಳದೆ ಹೊರಟುಹೋದ.

ಊರ ಹೊರಗಿನ ಹಳೆಯ ಧರ್ಮಶಾಲೆಯಲ್ಲಿ ಆಗ ಹೊಸದಾಗಿ ದವಾಖಾನಿ ತೆರೆದಿದ್ದರು. ಎರಡೇ ಕೋಣೆ. ನಡೆಸುವವನು ಮುಂಬಯಿಯಲ್ಲಿ ಕಲಿತು ಬಂದ ಮರಾಠಿ ಡಾಕ್ಟರ, ಬಡಕಲು ಆಳು, ನಗಲಿಕ್ಕೆ ಬಾರದವನು. ಮಂದಿ ಅಲ್ಲಿಗೆ ಹೋಗಲು ಹೆದರುತ್ತಿದ್ದರು, ನಾವೂ ಹೆದರಿದ್ದೆವು. ತಮ್ಮನನ್ನು ಹೊರಸಿನ ಮೇಲೆ ಹೊತ್ತುಕೊಂಡು ಹೋದಾಗ ಆತ ಹಿಮ್ಮಡಿಯನ್ನು ಒಂದು ಸಲ ಒತ್ತಿ ನೋಡಿದ. ಮುಚ್ಚಿದ ಚರ್ಮವನ್ನು ಕೊಯ್ದು ಬಿಡಿಸಿದಾಗ ಒಳಗೆ ಕಪ್ಪು ಗುಣಿ, ಕೆಟ್ಟ ನಾತ, ಲದ್ದಿಯೊಳಗಿನ ಒಂದು ಹುಲ್ಲಿನ ಚೂರು. ಸತ್ತ ಮಾಂಸ ಕೆರೆದು, ಉರಿಯುವ ಔಷಧ ಹಾಕಿ ತೊಳೆದ. ನಂತರ ನನ್ನನ್ನೂ ಅವ್ವನನ್ನೂ ಹೊರಗೆ ಕರೆದ.

"ಈ ರೋಗಕ್ಕ ಔಷಧ ನನ್ನ ಹತ್ತರ ಇಲ್ಲ. ಯಾರ ಹತ್ತರಾನೂ ಇಲ್ಲ" ಎಂದ ತನ್ನ ಮುರುಕು ಕನ್ನಡದಲ್ಲಿ. "ಅಫೀಮು ಕೊಡತೇನೆ. ಗಾಂಜಾದ ಅರ್ಕ ಕೊಡತೇನೆ. ಕತ್ತಲಿ ಕೋಣಿ ಕೊಡತೇನೆ. ಆದರ ಸದ್ದು ಆಗಬಾರದು. ಸದ್ದು ಆದರ ಮೈ ಸೆಟೀತದ. ಜೋರು ಸೆಟದರ ಉಸಿರು ನಿಲ್ಲತದ. ಸದ್ದು ಇಲ್ಲದ ಹಾಂಗ ಇಟ್ಟುಕೊಂಡರ ಕೆಲವರು ಉಳೀತಾರ. ಅದು ನಿಮ್ಮ ಕೆಲಸ."

ಗಾಂಜಾ ಎಂಬ ಮಾತು ಕೇಳಿ ಅವ್ವ ನನ್ನ ಕಡೆ ತಿರುಗಿದಳು. "ನನ್ನ ಮಗನ್ನ ಬೈರಾಗಿ ಮಾಡ್ತಾನೇನು ಇಂವಾ?" ಎಂದಳು. ಹಾಗೆಂದದ್ದು ಆಕೆಯ ಮಟ್ಟಿಗೆ ಪಿಸುಮಾತು. ಆದರೂ ಒಳಗೆ ಹೊರಸು ಕಿರುಗುಟ್ಟಿದ್ದು ನಮಗೆ ಕೇಳಿಸಿತು. ನಮ್ಮ ಅವ್ವನ ದನಿ ಹಾಗೆ. ಮಾಳಿಗೆಯ ಮೇಲೆ ನಿಂತು ಆಕೆ ಊಟಕ್ಕೆ ಕೂಗಿದರೆ ಕೆರೆಯಲ್ಲಿ ಬಟ್ಟೆ ಒಗೆಯುವವರು ಹೊತ್ತು ಎಷ್ಟಾಯಿತೆಂದು ತಿಳಿಯುತ್ತಿದ್ದರು. ಹೊರಸಿನ ಸದ್ದು ಕೇಳಿದ್ದೇ ಆಕೆ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಆವತ್ತಿನಿಂದ ದವಾಖಾನಿಯ ಅಂಗಳದಲ್ಲಿ ಅವ್ವ ಒಂದು ಮಾತೂ ಆಡಲಿಲ್ಲ.

ನೀವು ನಮ್ಮ ಕಡೆಯವರಾಗಿದ್ದರೆ ಮುಂದಿನ ಕಷ್ಟ ನಿಮಗೆ ತಾನಾಗಿಯೇ ತಿಳಿಯುತ್ತದೆ. ಜಡ್ಡಿನವರನ್ನು ಮಾತಾಡಿಸಿಕೊಂಡು ಬರುವುದು ನಮ್ಮಲ್ಲಿ ಸ್ನಾನಕ್ಕಿಂತ ದೊಡ್ಡ ನೇಮ. ಹೋಗದಿದ್ದರೆ ಜನ್ಮ ಪೂರಾ ಆಡಿಕೊಳ್ಳುತ್ತಾರೆ. ಹೋದ ಮೇಲೆ ಸುಮ್ಮನೆ ಕೂಡುವ ಹಾಗಿಲ್ಲ, ತಲೆಯ ಹತ್ತಿರ ಬಗ್ಗಿ, "ನಾ ಯಾರು ಗುರ್ತು ಸಿಕ್ಕಿತೇನು?" ಎಂದು ಗಟ್ಟಿಯಾಗಿ ಕೇಳಬೇಕು. ಇದೇ ರೋಗದಲ್ಲಿ ಯಾರು ಯಾರು ಸತ್ತರು ಎಂದು ಹೇಳಬೇಕು. ಕಡೆಗೆ ತಾಯಿಯ ಮೈಮೇಲೆ ಕೈಯಾಡಿಸಿ ಅಳಿಸಿ ಹೋಗಬೇಕು. ರೋಣದವರು ಸಾಲದೆಂದು ಸುತ್ತಿನ ಹಳ್ಳಿಗಳಿಂದ ಗಾಡಿ ಕಟ್ಟಿಕೊಂಡು ಬಂದರು. ಎಲ್ಲರೂ ಒಳ್ಳೆಯವರು. ಆ ಒಳ್ಳೆಯತನದ ಮೇಲೆ ನನಗೆ ಇವತ್ತಿಗೂ ಸಿಟ್ಟು ಇಳಿದಿಲ್ಲ.

ಅವ್ವ ಅಂಗಳದ ಬಾಗಿಲಲ್ಲಿ ಕೂತಳು. ಬಂದವರಿಗೆ ತುಟಿಯ ಮೇಲೆ ಕೈಯಿಟ್ಟು ತೋರಿಸಿ, ಕೈ ಮುಗಿದು, ಹಿಂದಕ್ಕೆ ಕಳಿಸಿದಳು. ನಾನು ಹೊರಗೆ ಹಾದಿಗೆ ಹೊಟ್ಟು ಸುರಿಸಿ ಗಾಲಿಯ ಸದ್ದು ಅಡಗಿಸಿದೆ. ಹತ್ತಿಯ ಸುಗ್ಗಿ ಅದು, ಗಾಡಿಗಳಿಗೆ ಲೆಕ್ಕವಿಲ್ಲ. ಗಾಡಿಯವರು ಬೇಸರವಿಲ್ಲದೆ ಎತ್ತಿನ ಕೊರಳ ಗಂಟೆ ಬಿಚ್ಚಿ ಕೈಯಲ್ಲಿ ಹಿಡಿದು ದಾಟುತ್ತಿದ್ದರು. ಗಾಡಿಯವರಿಗೆ ತಿಳಿದದ್ದು ನೆಂಟರಿಗೆ ತಿಳಿಯಲಿಲ್ಲ. ಹಿಂದಕ್ಕೆ ಹೋದ ನೆಂಟರು, ಸಾವಕಾರ್ತಿಗೆ ಸೊಕ್ಕು ಬಂದಿದೆ, ಮಗನ ಮುಖ ಸಹ ತೋರಿಸಲಿಲ್ಲ ಎಂದು ಮುನಿದರು. ಅವ್ವನಿಗೆ ಅದು ಗೊತ್ತಾಯಿತು. ಆಕೆ ಅದಕ್ಕೂ ಬಾಯಿ ತೆರೆಯಲಿಲ್ಲ.

ಒಳಗೆ ನಾನು ಮತ್ತು ಡಾಕ್ಟರ. ಕಿಟಕಿಗೆ ಕಂಬಳಿ. ಬಾಗಿಲ ತಿರುಗಣಿಗೆ ಹರಳೆಣ್ಣೆ. ತಂಬಿಗೆ ನೆಲಕ್ಕೆ ತಾಗಿದರೂ ತಮ್ಮನ ಮೈ ಬಾಗುತ್ತಿತ್ತು. ಕಾಗೆ ಕೂಗಿದರೂ ಬಾಗುತ್ತಿತ್ತು. ಬಾಗಿದಾಗ ಎಚ್ಚರ ತಪ್ಪಿದ್ದರೆ ಎಷ್ಟೋ ಚಲೋ ಇತ್ತು. ಆ ರೋಗ ಅದೊಂದು ದಯೆಯನ್ನೂ ಇಟ್ಟಿಲ್ಲ. ಎಲ್ಲವೂ ತಿಳಿಯುತ್ತಿತ್ತು ಅವನಿಗೆ. ಕಣ್ಣು ತೆರೆದು ನನ್ನನ್ನೇ ನೋಡುತ್ತಿದ್ದ, ಹಲ್ಲು ಕರಕರ ಎನ್ನುತ್ತಿದ್ದವು, ನಾನು ಮುಟ್ಟುವ ಹಾಗಿಲ್ಲ. ಮುಟ್ಟಿದರೆ ಇನ್ನೊಂದು ಸಲ ಬಾಗುತ್ತಾನೆ. ಒಡಹುಟ್ಟಿದವನು ಒದ್ದಾಡುವಾಗ ಕೈ ಕಟ್ಟಿಕೊಂಡು ಕೂಡುವುದು ಚಾಕರಿ ಹೌದೋ ಅಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಸೆಟೆತ ಇಳಿದಾಗ ಡಾಕ್ಟರ ಕೆನ್ನೆಯ ಸಂದಿನಲ್ಲಿ ಅರ್ಕ ಬಿಡುತ್ತಿದ್ದ. ನಾನು ಅಲ್ಲೇ ಅಂಬಲಿಯ ತಿಳಿಯನ್ನು ಹನಿ ಹನಿಯಾಗಿ ಬಿಡುತ್ತಿದ್ದೆ. ಹತ್ತಿಯ ವ್ಯಾಪಾರ, ಮನೆ, ಹೆಂಡತಿ, ಮಕ್ಕಳು ಯಾವುದೂ ಆಗ ನನಗೆ ನೆನಪಿರಲಿಲ್ಲ.

ಇಷ್ಟಾದ ಮೇಲೂ ಸೆಟೆತ ಕಡಿಮೆಯಾಗತೊಡಗಿತು ಎಂದರೆ ನಾನೇ ನಂಬಲಿಲ್ಲ. ಮೊದಲು ಒಂದು ಸೆಟೆತಕ್ಕೂ ಇನ್ನೊಂದಕ್ಕೂ ನಡುವಿನ ಹೊತ್ತು ಹೆಚ್ಚಿತು. ನಂತರ ಹಲ್ಲಿನ ನಡುವೆ ಬೆರಳು ತೂರುವಷ್ಟು ಜಾಗವಾಯಿತು. ಒಂದು ಮಧ್ಯಾಹ್ನ ಅವನು ಮಾತಾಡಿದ. "ಅವ್ವ ಎಲ್ಲಿ?"

ಡಾಕ್ಟರನನ್ನು ಕೇಳಿದೆ. ಆತ, ಬರಲಿ, ಆದರೆ ಮಾತಾಡಬಾರದು, ಮುಟ್ಟಬಾರದು ಎಂದ. ಅವ್ವ ಕೈಯ ಬೆಳ್ಳಿ ಕಡಗ ಸದ್ದು ಮಾಡಬಾರದೆಂದು ಮುಂಗೈಗೆ ಅರಿವೆ ಸುತ್ತಿಕೊಂಡು ಒಳಗೆ ಬಂದಳು. ಗೋಡೆಯ ಹತ್ತಿರ ಕೂತು, ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡಳು. ಬಿಟ್ಟರೆ ಎಲ್ಲಿ ಮಗನ ಕಡೆ ಹೋಗಿಬಿಡುತ್ತವೋ ಎಂಬ ಹೆದರಿಕೆ. ತಮ್ಮ ಆಕೆಯನ್ನು ನೋಡಿ, ಬಿಗಿದ ಹಲ್ಲಿನ ನಡುವಿನಿಂದ ಒಂದೊಂದೇ ಅಕ್ಷರ ಹೊರಗೆ ಹಾಕಿದ. "ಯವ್ವಾ... ನೀ ಸುಮ್ನ ಕುಂತದ್ದು... ಹುಟ್ಟಿದಾಗಿಂದ ಇದ ಮೊದಲ ನೋಡಿದ್ದು." ಅವ್ವನ ಹೆಗಲು ಕುಣಿದವು, ನಗುವೋ ಅಳುವೋ ತಿಳಿಯಲಿಲ್ಲ. ಹೊರಗೆ ಬಂದ ಮೇಲೆ ಡಾಕ್ಟರ ನಮಗೆ ಹೇಳಿದ: ಹೀಗೇ ಇನ್ನು ಸ್ವಲ್ಪ ದಿನ ದಾಟಿದರೆ ಉಳಿಯುತ್ತಾನೆ. ಅವ್ವ ಅವನ ಕಾಲು ಹಿಡಿಯಲು ಬಗ್ಗಿದಳು, ಆತ ಗಾಬರಿಯಾಗಿ ಹಿಂದಕ್ಕೆ ಸರಿದ.

ನಾನು ಆವತ್ತು ಸಂಜೆ ಮನೆಗೆ ಹೋಗಿ ಹೊಟ್ಟೆ ತುಂಬ ಉಂಡೆ. ಆ ಊಟದ ರುಚಿ ನೆನಪಾದರೆ ಈಗಲೂ ಮೈ ಉರಿಯುತ್ತದೆ.

ರೋಗ ಏರಿದ್ದಾಗ ನರಗುಂದಕ್ಕೆ ಹೇಳಿಕಳಿಸಿದ್ದೆವು. ಬೀಗತಿ, ಅಂದರೆ ತಮ್ಮನ ಅತ್ತೆ, ಬಸುರಿ ಮಗಳಿಗೆ ಗೊತ್ತಾಗದ ಹಾಗೆ ನೆಪ ಹುಡುಕಿ ಹೊರಡುವಷ್ಟರಲ್ಲಿ ತಡವಾಗಿತ್ತು. ಈಗ ಹಗುರಾಗಿದೆ ಎಂಬ ಸುದ್ದಿ ಆಕೆಗೆ ಮುಟ್ಟಿರಲಿಲ್ಲ. ಹಾದಿಯುದ್ದಕ್ಕೂ ಅಳಿಯನ ಮುಖವಾದರೂ ಸಿಕ್ಕೀತೋ ಇಲ್ಲವೋ ಎಂದುಕೊಂಡೇ ಬಂದಿದ್ದಾಳೆ. ಧರ್ಮಶಾಲೆಯ ಮುಂದೆ ಗಾಡಿ ಇಳಿದರೆ ಹಾದಿಯಲ್ಲಿ ಹೊಟ್ಟು, ಗಂಟೆಯಿಲ್ಲದ ಎತ್ತುಗಳು, ಹಕ್ಕಿಯ ಸದ್ದೂ ಇಲ್ಲದ ಅಂಗಳ. ಬಾಗಿಲಲ್ಲಿ ನಮ್ಮ ಅವ್ವ. ಊರಿಗೆಲ್ಲ ಕೇಳುವ ದನಿಯ ಹೆಂಗಸು, ಬೀಗತಿಯನ್ನು ಕಂಡೂ "ಬರ್ರಿ" ಎನ್ನಲಿಲ್ಲ. ಎದ್ದು ನಿಂತು, ತುಟಿಯ ಮೇಲೆ ಕೈಯಿಟ್ಟು ತಲೆ ಅಲ್ಲಾಡಿಸಿದಳು. ಅದನ್ನು ನೋಡಿದ ನಮ್ಮ ಕಡೆಯ ಯಾವ ಹೆಂಗಸಾದರೂ ಏನು ತಿಳಿಯಬೇಕೋ ಅದನ್ನೇ ಬೀಗತಿ ತಿಳಿದಳು. ಅಳಿಯ ಹೋದ ಎಂದುಕೊಂಡಳು.

ನಾನು ಒಳಗೆ ತಮ್ಮನಿಗೆ ಅಂಬಲಿ ಬಿಡುತ್ತಿದ್ದೆ. ಅಂಗಳದಿಂದ ಅಳು ಎದ್ದಿತು. ನಮ್ಮಲ್ಲಿ ಸಾವಿನ ಮನೆಯಲ್ಲಿ ಹೆಂಗಸರು ಒಬ್ಬರ ಕೊರಳು ಒಬ್ಬರು ಹಿಡಿದು, ಸತ್ತವರ ಗುಣವನ್ನು ಹಾಡಿಕೊಂಡು ಅಳುತ್ತಾರೆ. ಒಬ್ಬಳು ಕೊರಳು ಹಿಡಿದರೆ ಇನ್ನೊಬ್ಬಳು ದನಿಗೂಡಿಸಲೇಬೇಕು. ಬೀಗತಿ ಅವ್ವನ ಕೊರಳು ಹಿಡಿದು ಹಾಡಿಕೊಂಡು ಅಳುತ್ತಿದ್ದಳು. "ತುಂಬು ಬಸುರಿನ ಬಿಟ್ಟು ಹೋದೇನೋ ನನ್ನಪ್ಪಾ, ಮಗಳಿಗೆ ಏನಂತ ಹೇಳ್ಲೋ" ಎಂದು.

ತಮ್ಮನ ಮೈ ಅದುರಿತು. ಕಣ್ಣು ದೊಡ್ಡವಾದವು. ಆದರೆ ಬಾಗಲಿಲ್ಲ. ಸೆಟೆತ ಬಂದಂತೆ ಮಾಡಿ ಇಳಿಯಿತು, ಉಸಿರು ಬಂತು. ಯಾರು ಎಂದು ಕೇಳುವವನ ಹಾಗೆ ನನ್ನ ಕಡೆ ನೋಡಿದ. ಬಾಗಿಲ ಹತ್ತಿರ ಡಾಕ್ಟರ ಓಡುವ ಸದ್ದು ಕೇಳಿತು. ದಾಟಿತು ಎಂದುಕೊಂಡೆ ನಾನು.

ಹೊರಗೆ ಆದದ್ದನ್ನು ಆಮೇಲೆ ಡಾಕ್ಟರ ನನಗೆ ಹೇಳಿದ. ಅವ್ವ ಬೀಗತಿಯ ಬಾಯಿಗೆ ಅಂಗೈ ಒತ್ತಿದಳಂತೆ. ಬೀಗತಿ, ದುಃಖದಲ್ಲಿ ಹೀಗೆ ಮಾಡುತ್ತಾಳೆಂದು ತಿಳಿದು, ಆ ಕೈ ಕಿತ್ತು ಇನ್ನೂ ಬಿಗಿಯಾಗಿ ಅಪ್ಪಿಕೊಂಡಳಂತೆ. ಬದುಕಿರುವ ಮಗನ ಮೇಲೆ ಸತ್ತವರ ಹಾಡು ಹಾಡುತ್ತಿದ್ದಾರೆ, ಅದೂ ಅವ್ವನ ಕಿವಿಯ ಹತ್ತಿರವೇ. ಇಷ್ಟು ದಿನ ನುಂಗಿದ್ದೆಲ್ಲ ಒಮ್ಮೆಲೇ ಮೇಲಕ್ಕೆ ಬಂದಿರಬೇಕು. ಅವ್ವ ದನಿ ತೆಗೆದಳು. ಬೀಗತಿಗೆ ದನಿಗೂಡಿಸಿದಳೋ, ಬೇಡ ಎಂದು ಕೂಗಿದಳೋ ಡಾಕ್ಟರನಿಗೆ ತಿಳಿಯಲಿಲ್ಲ. ನನಗೆ ಕೇಳಿಸಿದ್ದು ಬರೀ ಒಂದು ದನಿ. ಕೆರೆಯ ದಂಡೆಗೂ ಕೇಳಿಸುವಂಥದ್ದು.

ತಮ್ಮನ ತುಟಿ ಅಲ್ಲಾಡಿತು. "ಅವ್ವ" ಎನ್ನಲು ಹೊರಟಿದ್ದ, ಅರ್ಧಕ್ಕೆ ಹಲ್ಲು ಕಚ್ಚಿಕೊಂಡವು. ನಡು ಎದ್ದಿತು, ಮುಂಚಿನ ಎಲ್ಲಕ್ಕಿಂತ ಮೇಲಕ್ಕೆ ಎದ್ದಿತು, ಎದ್ದದ್ದು ಇಳಿಯಲಿಲ್ಲ. ಮುಖ ನೀಲಿಯಾಯಿತು. ಡಾಕ್ಟರ ಒಳಗೆ ಬಂದು ದವಡೆ ಬಿಡಿಸಲು ನೋಡಿದ, ಎದೆ ಒತ್ತಿದ, ಅರ್ಕದ ಸೀಸೆ ಅವನ ಕೈಯಿಂದ ಬಿದ್ದು ಒಡೆಯಿತು. ಆ ಸದ್ದಿಗೆ ತಮ್ಮ ಅಲ್ಲಾಡಲಿಲ್ಲ. ಅದರಿಂದಲೇ ನನಗೆ ಗೊತ್ತಾಯಿತು.

ನಾನು ಹೊರಗೆ ಬಂದಾಗ ಅವ್ವ ಬೀಗತಿಯ ತೋಳಿನಿಂದ ಬಿಡಿಸಿಕೊಂಡು ನಿಂತಿದ್ದಳು. ಬಾಯಿಯಲ್ಲಿ ಸೆರಗು ತುರುಕಿಕೊಂಡಿದ್ದಳು. ನನ್ನ ಮುಖ ನೋಡಿದಳು.

ನಮ್ಮಲ್ಲಿ ಸತ್ತವರನ್ನು ಪಡಸಾಲೆಯಲ್ಲಿ ಗೋಡೆಗೆ ಒರಗಿಸಿ ಕೂಡಿಸುತ್ತಾರೆ, ಹಣೆಗೆ ವಿಭೂತಿ ಹಚ್ಚುತ್ತಾರೆ. ತಮ್ಮ ಕೂಡಲಿಲ್ಲ. ಮೈ ಬಗ್ಗಲಿಲ್ಲ. ಬಿಸಿನೀರು ಸುರಿದು, ಎಣ್ಣೆ ತಿಕ್ಕಿ, ನಾಲ್ಕು ಮಂದಿ ಒತ್ತಿದರೂ ಮೊಣಕಾಲು ಮಡಿಸಲಾಗಲಿಲ್ಲ. ಕಡೆಗೆ ಹಗ್ಗದಿಂದ ಗೂಟಕ್ಕೆ ಬಿಗಿದು, ಓರೆಯಾಗಿ ನಿಲ್ಲಿಸಿದಂತೆ ಕೂಡಿಸಿದರು. ಮುಖದ ಮೇಲಿನ ಆ ನಗು ಹಾಗೇ ಇತ್ತು. ನೋಡಲಾರದೆ ಯಾರೋ ಬಾಯಿಗೆ ಅರಿವೆ ಮುಚ್ಚಿದರು.

ಪಡಸಾಲೆ ತುಂಬ ಹೆಂಗಸರು ಕೂತಿದ್ದರು. ಮುನಿದು ಹೋಗಿದ್ದ ನೆಂಟರೂ ಬಂದಿದ್ದರು. ಯಾರೂ ಅಳುತ್ತಿರಲಿಲ್ಲ. ತಾಯಿ ಇರುವಾಗ ತಾಯಿಯೇ ಮೊದಲು ದನಿ ತೆಗೆಯಬೇಕು, ಆಮೇಲೆ ಉಳಿದವರು, ಅದು ರೂಢಿ. ಎಲ್ಲರೂ ಅವ್ವನನ್ನು ನೋಡುತ್ತ ಕಾದರು. ಬೀಗತಿ ಮೂಲೆಯಲ್ಲಿ ಮೊಣಕಾಲ ನಡುವೆ ತಲೆ ಇಟ್ಟುಕೊಂಡಿದ್ದಳು. ಅವ್ವ ಮಗನ ಪಕ್ಕದಲ್ಲಿ, ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು, ಸೆರಗು ಕಚ್ಚಿಕೊಂಡು ಕೂತಿದ್ದಳು. ಹೊತ್ತು ಏರಿತು. ಹಿರಿಯರು ನನಗೆ ಸನ್ನೆ ಮಾಡಿದರು: ಅಳಿಸು, ಇಲ್ಲದಿದ್ದರೆ ಆಕೆಯ ಎದೆ ಒಡೆಯುತ್ತದೆ.

ನಾನು ಅವ್ವನ ಹತ್ತಿರ ಕೂತು ಹೇಳಿದೆ. "ಯವ್ವಾ, ಅಳು. ಇನ್ನ ನೀ ಅತ್ತರ ಏನೂ ಆಗೂದಿಲ್ಲ."

ಅವ್ವ ಸೆರಗನ್ನು ಬಾಯಿಂದ ತೆಗೆದಳು. ತಮ್ಮನ ಕಡೆ ನೋಡಿದಳು, ನನ್ನ ಕಡೆ ಬಗ್ಗಿದಳು.

"ಮೆಲ್ಲಗ ಮಾತಾಡೋ" ಎಂದಳು. "ಅವಗ ಕೇಳಿಸತೈತಿ."